ಒಂದೇ ಮಂಚ, ಎರಡು ಪಾಳಿ

ಆ ಸೋಮವಾರವೂ ಅವನು ಬೆಳಿಗ್ಗೆ ಆರೂವರೆಗೆ ಬಂದ. ಚಪ್ಪಲಿ ಬಿಟ್ಟ, ಬಾಗಿಲಲ್ಲೇ ನಿಂತು ತಲೆ ಕೊಡವಿದ. ಹಿಟ್ಟು ಉದುರಿತು.

"ಒಳಗೆ ಉದುರಿಸ್ಬೇಡಿ ಅಂತ ಎಷ್ಟು ಸಲ ಹೇಳ್ಬೇಕು?"

"ಹೊರಗೇ ನಿಂತಿದೀನಲ್ಲೇ. ಕಣ್ಣು ಕಾಣಲ್ವಾ?"

ದಿನವೂ ಗಂಡ ಹೆಂಡತಿ ಆಡುತ್ತಿದ್ದ ಮಾತು ಹೆಚ್ಚುಕಡಿಮೆ ಅಷ್ಟೇ. ಅವನು ಬರುವ ಹೊತ್ತೇ ಅವಳು ಹೊರಡುವ ಹೊತ್ತು. ಅವನು ಬೇಕರಿಯಲ್ಲಿ ಒಲೆಯ ಮುಂದೆ ನಿಲ್ಲುವವನು. ರಾತ್ರಿ ಪಾಳಿ. ಎರಡೂ ಮುಂಗೈಗಳ ಮೇಲೆ ಒಲೆಯ ಬಾಯಿ ತಾಗಿದ ಕಪ್ಪು ಗೆರೆಗಳು. ಬೀದಿಯವರು ಬ್ರೆಡ್ಡಣ್ಣ ಎನ್ನುತ್ತಿದ್ದರು. ಅವಳು ಲಾಂಡ್ರಿಯಲ್ಲಿ ಆಸ್ಪತ್ರೆಯ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಬೆಳಿಗ್ಗೆ ಎಂಟರಿಂದ ಸಂಜೆ ಐದು.

ಮನೆ ಅಂದರೆ ಒಂದು ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಟ್ರಂಕು, ಅದರಲ್ಲೇ ಮಂಚ. ಮುಚ್ಚಿಹೋದ ಒಂದು ಲಾಡ್ಜಿನಿಂದ ತಂದ ಮರದ ಮಂಚ ಅದು. ಆರಡಿ ಉದ್ದ, ನಾಲ್ಕಡಿ ಅಗಲ, ಎತ್ತರದ ಕಾಲುಗಳು. ಒಂದು ಕಾಲಿನ ಮೇಲೆ ಬಿಳಿ ಬಣ್ಣದಲ್ಲಿ ಏಳು ಎಂದು ಬರೆದಿತ್ತು. ಅವನು ಬಂದವನೇ ಆ ಕಾಲಿಗೆ ಬೆರಳಿನಿಂದ ಟಕಟಕ ಬಡಿದು, "ಏಳನೇ ನಂಬರ್ ರೂಮು ಖಾಲಿ ಮಾಡ್ರಪ್ಪಾ, ಗಿರಾಕಿ ಬಂದಿದೀನಿ" ಎನ್ನುತ್ತಿದ್ದ. ಮಕ್ಕಳು ಕಣ್ಣುಜ್ಜಿಕೊಂಡು ಏಳುತ್ತಿದ್ದವು.

ರಾತ್ರಿ ಆ ಮಂಚದ ಮೇಲೆ ಅವಳೂ ಎರಡು ಮಕ್ಕಳೂ ಅಡ್ಡಡ್ಡ ಮಲಗುವುದು. ಉದ್ದಕ್ಕೆ ಮಲಗಿದರೆ ಇಬ್ಬರು ಹಿಡಿಯುವ ಜಾಗ, ಅಡ್ಡಕ್ಕೆ ಮಲಗಿದರೆ ಮೂವರು. ಮಕ್ಕಳ ಕಾಲು ಮಂಚದೊಳಗೇ ಇರುತ್ತಿತ್ತು, ಅವಳದು ಹೊರಗೆ, ಒಂದು ಸ್ಟೂಲಿನ ಮೇಲೆ. ಅತ್ತೆ ಬಾಗಿಲ ಬಳಿ ನೆಲದ ಮೇಲೆ. ಸೊಂಟ ನೋವು, ಮೆತ್ತನೆಯ ಹಾಸಿಗೆ ಆಗುವುದಿಲ್ಲ ಎಂದು ಅತ್ತೆ ಆ ಮಂಚ ಹತ್ತಿದವರೇ ಅಲ್ಲ.

ಹಾಸಿಗೆಯೂ ಒಂದೇ. ಅದಕ್ಕೆ ಎರಡು ಮಗ್ಗುಲು ಮಾಡಿದವಳು ಅವಳೇ. ಒಂದು ಕಡೆ ನೀಲಿ ಬಟ್ಟೆ, ಅದರ ಕೆಳಗೆ ರಬ್ಬರ್ ಹಾಳೆ. ಅದು ರಾತ್ರಿಯದು, ಮಕ್ಕಳದು. ಇನ್ನೊಂದು ಕಡೆ ಕಂದು ಬಟ್ಟೆ. ಅದು ಹಗಲಿನದು, ಅವನದು. ಚಿಕ್ಕವನು ಎರಡು ವರ್ಷದವನು, ರಾತ್ರಿ ಎರಡು ಸಲವಾದರೂ ಒದ್ದೆ ಮಾಡುತ್ತಿದ್ದ. ಅಪ್ಪನ ಬೆನ್ನಿಗೆ ಆ ತೇವ ತಾಗಬಾರದು. ಬೆಳಿಗ್ಗೆ ಚಿಕ್ಕವನನ್ನು ಎತ್ತಿ ಅತ್ತೆಯ ಪಕ್ಕ ಹಾಕಿ, ಹಾಸಿಗೆ ಮಗುಚಿ, ಕಿಟಕಿಗೆ ಕಪ್ಪು ಬಟ್ಟೆ ಸಿಗಿಸಿ, ಅವನನ್ನು ಮಲಗಿಸಿ ಅವಳು ಹೊರಡಬೇಕು.

ಸೋಮವಾರ ಅವನು ನಿಂತೇ ತಿಂದ. ಮಕ್ಕಳನ್ನು ನೋಡಿ, "ಮೆಣಸಿನ ಕಾಲು ಉದ್ದ ಆಗ್ತಿದೆ ಕಣೇ. ಇವರಿಗೊಂದು ಬೇರೆ ಮಂಚ ನೋಡ್ಬೇಕು" ಅಂದ.

"ಎಲ್ಲಿ ಹಾಕ್ತೀರಿ? ಸೂರಿಗೆ ನೇತು ಹಾಕ್ತೀರಾ?"

"ನಿನ್ನ ತಲೆ ಮೇಲೆ. ಅಲ್ಲೇನೂ ಇಲ್ವಲ್ಲ, ಖಾಲಿ ಜಾಗ."

ಅವಳು ಲಟ್ಟಣಿಗೆ ಎತ್ತಿದಳು. ಅವನು ನಕ್ಕು ಮುಸುಕು ಹಾಕಿಕೊಂಡ.

ಮೆಣಸು ಎಂದರೆ ಮಗಳು. ಹುಟ್ಟಿದಾಗ ಮೆಣಸಿನ ಕಾಳಿನಷ್ಟೇ ಇದ್ದಳು, ಬಾಯಿ ಬಂದ ಮೇಲೆ ಖಾರವೂ ಬಂತು. ಆಗ ಅವಳಿಗೆ ನಾಲ್ಕೂವರೆ ವರ್ಷ. ಮನೆಯಲ್ಲಿ ಅವಳಿಗೂ ಒಂದು ಕೆಲಸವಿತ್ತು. ಅಪ್ಪನ ನಿದ್ದೆ ಕಾಯುವುದು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಯಾರೋ ಹತ್ತು ಗಂಟೆಗೆ ಬಂದು ಅವನನ್ನು ಎಬ್ಬಿಸಿದರು. ಮತ್ತೆ ನಿದ್ದೆ ಹತ್ತಲಿಲ್ಲ. ಅಂದಿನ ಪಾಳಿಯಲ್ಲಿ ತೂಕಡಿಸಿ ಕೈ ಒಲೆಯೊಳಗೆ ಹೋಯಿತು. ಇಪ್ಪತ್ತು ದಿನ ಕಟ್ಟು ಹಾಕಿಕೊಂಡಿದ್ದ. ಆಮೇಲೆ ಹೆಂಡತಿ ಮನೆಯಲ್ಲಿ ಕಟ್ಟಪ್ಪಣೆ ಮಾಡಿದಳು. ಎರಡು ಗಂಟೆಗೆ ಅವನಾಗಿ ಎದ್ದರೆ ಸರಿ. ಅಲ್ಲಿಯವರೆಗೆ ಯಾರೂ ಎಬ್ಬಿಸಕೂಡದು. ಮಗಳ ಎರಡೂ ಕೆನ್ನೆ ಹಿಡಿದು ಹೇಳಿದ್ದಳು: "ಆಕಾಶ ಕಳಚಿ ಬಿದ್ರೂ ಅಪ್ಪನ್ನ ಎಬ್ಬಿಸ್ಬಾರ್ದು. ತಿಳೀತಾ?"

ಹುಡುಗಿಗೆ ಚೆನ್ನಾಗಿ ತಿಳಿಯಿತು. ಹೊಸ್ತಿಲ ಮೇಲೆ ಕುಳಿತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ತರಕಾರಿಯವನು ಕೂಗಿದರೆ ಬಾಯಿ ಮೇಲೆ ಬೆರಳು. ಎದುರುಮನೆ ಟೈಲರ್ ಮಾಮ ರೇಡಿಯೋ ಹಾಕಿದರೆ ಹೋಗಿ ಸೊಂಟದ ಮೇಲೆ ಕೈ ಇಟ್ಟು ನಿಲ್ಲುವಳು. "ಆಯ್ತಮ್ಮಾ ಇನ್‌ಸ್ಪೆಕ್ಟ್ರೇ" ಎಂದು ಅವನು ಆರಿಸುತ್ತಿದ್ದ. ಕಾಗೆಗೂ "ಶ್" ಎನ್ನುತ್ತಿದ್ದಳು. ಬೀದಿಯೆಲ್ಲ ನಗುತ್ತಿತ್ತು.

ಮಂಗಳವಾರ ಅವನು ಬಂದಾಗ ತಲೆ ಕೊಡವಲಿಲ್ಲ.

"ಎಡಗೈ ಜೋಮು ಹಿಡಿದಿದೆ" ಅಂದ.

"ಇಡೀ ರಾತ್ರಿ ಒಲೆ ಮುಂದೆ ನಿಂತ್ರೆ ಇನ್ನೇನಾಗತ್ತೆ? ಮಲ್ಕೊಳ್ಳಿ, ಸರಿಹೋಗತ್ತೆ."

ಅವನು ಮಲಗಿದ. ಅವಳು ಬಾಗಿಲು ಮುಂದೆ ಮಾಡಿ ಹೊರಟಳು.

ಐದೂವರೆಗೆ ಅವಳು ಬೀದಿ ತಿರುಗುವಾಗ ಮಗಳು ಹೊಸ್ತಿಲ ಮೇಲೇ ಇದ್ದಳು. ಅತ್ತೆ ಚಿಕ್ಕವನನ್ನು ಕಟ್ಟಿಕೊಂಡು ಟೈಲರ್ ಮನೆ ಜಗಲಿಯಲ್ಲಿ ಕುಳಿತಿದ್ದರು. ಎರಡು ದಾಟಿದರೂ ಮಗ ಎದ್ದಿರಲಿಲ್ಲ, ದಣಿದಿದ್ದಾನೆ, ಮಲಗಲಿ ಪಾಪ ಎಂದುಕೊಂಡಿದ್ದರು. ಅವಳು ಹತ್ತಿರ ಬಂದಾಗ ಮಗಳ ಫ್ರಾಕು ಒದ್ದೆಯಾಗಿದ್ದುದು ಕಂಡಿತು. ಜಾಗ ಬಿಟ್ಟು ಎದ್ದಿರಲಿಲ್ಲ.

"ಅಮ್ಮಾ, ಅಪ್ಪ ಇನ್ನೂ ಮಲಗಿದಾನೆ" ಎಂದು ಪಿಸುಗುಟ್ಟಿದಳು. ಮುಖದ ತುಂಬ ಹೆಮ್ಮೆ. "ಬೇಕರಿ ಮಾಮ ಬೀಗದ ಕೈ ಕೇಳ್ಕೊಂಡು ಬಂದಿದ್ದ. ಕಳಿಸ್ಬಿಟ್ಟೆ. ಯಾರನ್ನೂ ಬಿಡ್ಲಿಲ್ಲ."

"ಜಾಣೆ" ಎಂದಳು ಅವಳು.

ಹಾಗೆಂದೇ ಒಳಗೆ ಹೋದಳು.

ಬೀದಿಯ ಕೊನೆಯ ಡಾಕ್ಟರು ಓಡಿ ಬಂದರು. ಕೈ ಹಿಡಿದು ನೋಡಿದರು, ಕೂಗಿದರು, ರೆಪ್ಪೆ ಎತ್ತಿದರು. ಆಮೇಲೆ ಟೈಲರನನ್ನು ಪಕ್ಕಕ್ಕೆ ಕರೆದು, ಹೃದಯ, ಬೆಳಿಗ್ಗೆ ಮಲಗಿದ ಸ್ವಲ್ಪ ಹೊತ್ತಿಗೇ ಜೀವ ಹೋಗಿದೆ, ಮೈ ಆಗಲೇ ಸೆಟೆದುಕೊಂಡಿದೆ ಎಂದರು. ಟೈಲರ್ ಅವಳಿಗೆ ಹೇಳಿದ. ಅವಳು ಅತ್ತೆಗೆ ಹೇಳಿದಳು. ಮಗುವಿಗೆ ಯಾರೂ ಹೇಳಲಿಲ್ಲ. ನಾಲ್ಕೂವರೆ ವರ್ಷದ ಮಗುವಿಗೆ ಗಂಟೆ ಲೆಕ್ಕ ಹೇಳುವುದು ಯಾರಿಗೆ ಹೊಳೆಯುತ್ತದೆ?

ಆದರೆ ಅತ್ತೆಯ ಬಾಯಿಗೆ ಅಂದು ತಡೆ ಇರಲಿಲ್ಲ. ಎದೆ ಎದೆ ಬಡಿದುಕೊಂಡು ಅತ್ತರು. "ಹನ್ನೊಂದು ಗಂಟೆಗೆ ಆ ಬೇಕರಿ ಹುಡುಗ ಬಂದಾಗ ಒಳಗೆ ಬಿಟ್ಟಿದ್ರೆ ನನ್ನ ಮಗ ಉಳೀತಿದ್ನೋ ಏನೋ! ಈ ಪಿಶಾಚಿ ಬಾಗಿಲಿಗೆ ಅಡ್ಡ ಕೂತಿತ್ತಲ್ಲಪ್ಪಾ!" ಡಾಕ್ಟರ ಮಾತು ಅವರ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಹೊಟ್ಟೆಯ ಉರಿ ಮಾತಾಡಿಸಿತು. ಮಗಳು ಟೈಲರ್ ಹೆಂಡತಿಯ ಸೆರಗು ಹಿಡಿದು ಅಲ್ಲೇ ನಿಂತಿದ್ದಳು. ಯಾರೂ ಅವಳ ಕಡೆ ನೋಡಲಿಲ್ಲ. ಅವಳ ಅಮ್ಮನೂ ನೋಡಲಿಲ್ಲ.

ಮಣ್ಣು ಮಾಡಿ ಬಂದರು. ನೆಂಟರು ಹೋದರು. ಹತ್ತನೆಯ ದಿನಕ್ಕೆ ಅವಳು ಇಸ್ತ್ರಿ ಹಿಡಿದಳು.

ಹುಡುಗಿ ಮಂಚ ಹತ್ತಲಿಲ್ಲ. ಎತ್ತಿ ಹಾಕಿದರೆ ಬೆಕ್ಕಿನ ಹಾಗೆ ಕೆಳಗೆ ಜಿಗಿಯುತ್ತಿದ್ದಳು. ನೆಲದ ಮೇಲೂ ಮಲಗಲಿಲ್ಲ, ಗೋಡೆಗೊರಗಿ ಕೂರುತ್ತಿದ್ದಳು. ಕೂತಲ್ಲೇ ತೂಕಡಿಕೆ ಬಂದರೆ ಬೆಚ್ಚಿ ಎದ್ದು ಬಿಡುವಳು. ಬೇರೆಯವರಿಗೆ ಜೊಂಪು ಹತ್ತಿದರೂ ಬಿಡಳು. ತೋಳು ಜಗ್ಗುವಳು, ಕೂದಲು ಎಳೆಯುವಳು. ಮೂರು ವಾರದಲ್ಲಿ ಅವಳ ಕಣ್ಣ ಕೆಳಗೆ ಮುದುಕಿಯರ ಹಾಗೆ ಗುಳಿ ಬಿತ್ತು. ಹಗಲು ನಡೆಯುವಾಗ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಅನ್ನದ ತಟ್ಟೆಯ ಮೇಲೆ ತಲೆ ವಾಲುತ್ತಿತ್ತು.

"ಹೆದರಿದೆ ಮಗು" ಎಂದಳು ಟೈಲರ್ ಹೆಂಡತಿ. "ಅಪ್ಪ ಹೋದ ಮಂಚ ಕಣ್ಣೆದುರಿಗೇ ಇದ್ರೆ ಹೇಗಕ್ಕಾ ನಿದ್ದೆ ಬರತ್ತೆ? ಬೇರೆ ಏನಾದ್ರೂ ಮಾಡು."

ಅವಳಿಗೂ ಸರಿ ಎನ್ನಿಸಿತು. ಗಂಡ ಹೋದ, ಇನ್ನು ಈ ಹುಡುಗಿಯೂ ನಿದ್ದೆಗೆಟ್ಟು ಕೈಬಿಟ್ಟು ಹೋಗುತ್ತಾಳೆ ಎಂಬ ಭಯ ಹತ್ತಿತು. ಮಗುವನ್ನು ಮಲಗಿಸಬೇಕು. ಬೇರೆ ಯಾವ ಯೋಚನೆಯೂ ಅವಳಿಗಿರಲಿಲ್ಲ.

ಮೊದಲು ಎರಡು ಟ್ರಂಕು ಜೋಡಿಸಿ ಮೇಲೆ ಹಲಗೆ ಇಟ್ಟಳು. ಟ್ರಂಕಿನ ಮುಚ್ಚಳ ತಗ್ಗಿ ಹಲಗೆ ತೊಟ್ಟಿಲಿನ ಹಾಗೆ ತೂಗಿತು. ಆಮೇಲೆ ಲಾಂಡ್ರಿಯಲ್ಲಿ ಹರಿದು ಎಸೆದ ಕಂಬಳಿ ಕೇಳಿ ತಂದು, ನಾಲ್ಕು ಮಡಿಕೆ ಹೊಲಿದು, ನೆಲಕ್ಕೆ ಹಾಸಿದಳು. ನೆಲದ ಥಂಡಿ ಕಂಬಳಿಯನ್ನು ದಾಟಿ ಬಂತು, ಚಿಕ್ಕವನಿಗೆ ಕೆಮ್ಮು ಹತ್ತಿತು. ಸೂರಿನ ಕೊಕ್ಕೆಗೆ ಸೀರೆ ಕಟ್ಟಿ ಜೋಲಿ ಮಾಡಿದಳು. ಅದರಲ್ಲಿ ಹುಡುಗಿಯ ಮೊಣಕಾಲು ಗದ್ದಕ್ಕೆ ತಾಗಿತು.

ಒಂದು ಭಾನುವಾರ ಮಂಚದ ಅಂಗಡಿಗೆ ಹೋದಳು. ಮಕ್ಕಳ ಮಂಚ ಎಂದು ಕೆಂಪು ಕಾರಿನ ಆಕಾರದ್ದೊಂದು ಇಟ್ಟಿದ್ದರು. ಎರಡು ದೀಪ, ನಾಲ್ಕು ಚಕ್ರ.

"ಇದ್ರಲ್ಲಿ ಮಲಗಿದ ಮಕ್ಕಳು ಇಳಿಯೋದೇ ಇಲ್ಲಮ್ಮಾ" ಎಂದ ಅಂಗಡಿಯವನು.

"ಇದು ನಮ್ಮನೆ ಒಳಗೆ ಬಂದ್ರೆ ನಾವು ಹೊರಗೆ ಮಲಗ್ಬೇಕಾಗತ್ತೆ" ಎಂದು ಅವಳು ಬೆಲೆ ಕೇಳದೆ ಬಂದಳು.

ಹಳೆ ಸಾಮಾನಿನವನ ಬಳಿ ಒಂದು ಕಂಬಿ ಮುರಿದ ತೊಟ್ಟಿಲು ಮಾತ್ರ ಇತ್ತು. ಅಲ್ಲೇ ಪಕ್ಕದಲ್ಲಿ ಕಿಟಕಿ ಚೌಕಟ್ಟು ಮಾಡುವ ಒಬ್ಬ ಮುದುಕ ಬಡಗಿ ಇದ್ದ. ಕಿವಿಗೆ ಪೆನ್ಸಿಲ್ ಸಿಗಿಸಿಕೊಂಡು ಅವಳ ಮಾತೆಲ್ಲ ಕೇಳಿದ.

"ಹೊಸ ಮರ ಯಾಕೆ ತಾಯಿ? ಇರೋ ಮಂಚಾನೇ ಕೊಯ್ಯೋಣ. ಆರಡಿ ಉದ್ದ ಅಂದ್ಯಲ್ಲ, ನಡುವೆ ಗರಗಸ ಹಾಕಿದ್ರೆ ಎರಡು ಮಂಚ. ಒಂದೊಂದೂ ನಾಲ್ಕಡಿ ಉದ್ದ, ಮೂರಡಿ ಅಗಲ. ಮಕ್ಕಳಿಗೆ ಧಾರಾಳ."

"ಕಾಲು ನಾಲ್ಕೇ ಇದಾವಲ್ಲಣ್ಣ. ಎಂಟು ಬೇಕಲ್ಲ?"

"ಎತ್ತರದ ಕಾಲು ಅಲ್ವಾ? ಒಂದೊಂದನ್ನೂ ಎರಡು ಮಾಡಿದ್ರೆ ಎಂಟು. ಮಂಚ ಗಿಡ್ಡ ಆಗತ್ತೆ, ಆಗ್ಲಿ. ಮಗು ಉರುಳಿ ಬಿದ್ರೂ ಹಲ್ಲು ಉಳಿಯತ್ತೆ."

ಮುಂದಿನ ಭಾನುವಾರ ಬೆಳಿಗ್ಗೆ ಅವನು ಗರಗಸ ಹಿಡಿದು ಬಂದ. ಅತ್ತೆ ನೋಡಿದರು. ಒಂದು ಗಳಿಗೆ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ಹೋಗಿ, ಎಂದೂ ಹತ್ತದ ಆ ಮಂಚ ಹತ್ತಿ ಉದ್ದಕ್ಕೆ ಮಲಗಿಬಿಟ್ಟರು.

"ಏಳಿ ಅತ್ತೆ."

"ನನ್ನ ಮಗ ಮಲಗಿದ ಮಂಚಕ್ಕೆ ಗರಗಸ ಹಾಕ್ತೀಯಾ? ನಿನ್ನ ಎದೆ ಕಲ್ಲೇನೇ? ನನ್ನನ್ನೂ ಸೇರಿಸಿ ಕೊಯ್ದುಬಿಡು, ಒಂದೇ ಸಲ ಮುಗೀಲಿ."

"ನಿಮ್ಮ ಮಗ ವಾಪಸ್ ಬಂದು ಇಲ್ಲಿ ಮಲಗಲ್ಲ. ಮಗು ಮಲಗ್ಬೇಕು. ಏಳಿ."

ಅತ್ತೆ ಕಣ್ಣು ಮುಚ್ಚಿಕೊಂಡರು. ಬಡಗಿ, "ನೀವು ತೀರ್ಮಾನ ಮಾಡ್ಕೊಳ್ಳಿ, ನಾನು ಟೀ ಕುಡಿದು ಬರ್ತೀನಿ" ಎಂದು ಜಾರಿಕೊಂಡ.

ಅಷ್ಟರಲ್ಲಿ ಹೊರಗಿನಿಂದ ಹುಡುಗಿ ಬಂದಳು. ಮಂಚದ ಮೇಲೆ ಅಜ್ಜಿ, ಕಣ್ಣು ಮುಚ್ಚಿದೆ. ಹುಡುಗಿಯ ಬಾಯಿಂದ ಬಂದದ್ದು ಕೂಗಲ್ಲ, ಕಿರುಚು. "ಏಳಜ್ಜೀ! ಏಳು! ಏಳು!" ಎಂದು ಮುದುಕಿಯ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಅತ್ತೆ ಗಾಬರಿಯಿಂದ ಎದ್ದು ಕುಳಿತರು, ಕೆಳಗಿಳಿದರು. ಬಡಗಿ ಬಂದು ಗೆರೆ ಎಳೆದ.

ಗರಗಸ ಆಡುವಷ್ಟು ಹೊತ್ತೂ ಅಮ್ಮ ಮಂಚದ ಒಂದು ತುದಿ ಹಿಡಿದು ನಿಂತಿದ್ದಳು, ಅಲುಗದ ಹಾಗೆ. ಮರದ ಪುಡಿ ಅವಳ ಪಾದದ ಮೇಲೆ ಬಿತ್ತು. ಕಣ್ಣಲ್ಲಿ ನೀರು ಬಂತೋ ಇಲ್ಲವೋ ಅವಳಿಗೆ ನೆನಪಿಲ್ಲ. ಕೈ ನೋಯುತ್ತಿತ್ತು, ಅದು ನೆನಪಿದೆ. ಮಧ್ಯಾಹ್ನದ ಹೊತ್ತಿಗೆ ಎರಡು ಗಿಡ್ಡ ಮಂಚಗಳು ನಿಂತವು. ಹಾಸಿಗೆಯನ್ನೂ ಅವಳೇ ಕತ್ತರಿಸಿ, ಹತ್ತಿ ತುಂಬಿ, ಬಾಯಿ ಹೊಲಿದಳು. ಇಬ್ಬರಿಗೂ ನೀಲಿ ಮಗ್ಗುಲು ಮೇಲೆ ಮಾಡಿ ಹಾಕಿದಳು.

ಚಿಕ್ಕವನು ಹೊಸ ಮಂಚ ಹತ್ತಿದ, ಕುಣಿದ, ಬಿದ್ದ, ಹಾಗೇ ನಿದ್ದೆ ಹೋದ. ಮೆಣಸು ತನ್ನದರ ಮೇಲೆ ಕುಳಿತಳು. ಅಬ್ಬ, ಕುಳಿತಳಲ್ಲ ಎಂದು ಅಮ್ಮ ಅಡುಗೆಯ ಕಡೆ ತಿರುಗಿದಳು. ತಿರುಗಿ ನೋಡುವಷ್ಟರಲ್ಲಿ ಹುಡುಗಿ ತಮ್ಮನ ಭುಜ ಹಿಡಿದು ಗೋಣಿಚೀಲದ ಹಾಗೆ ಅಲುಗಿಸುತ್ತಿದ್ದಳು. ಅವನು ಹೋ ಎಂದು ಅತ್ತ. ಅವನು ಅತ್ತ ಮೇಲೆ ಅವಳ ಕೈ ನಿಂತಿತು.

ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಬೆನ್ನಿಗೆ ಒಂದು ಬಾರಿಸಿದಳು. "ಮಲಗಿರೋ ಮಗೂನ ಯಾಕೇ ಎಬ್ಬಿಸ್ತೀಯ? ನೀನಂತೂ ಮಲಗಲ್ಲ, ಅವನಾದ್ರೂ ಮಲಗ್ಲಿ!"

"ಹಂಗೇ ಬಿಟ್ರೆ ಸತ್ತೋಗ್ತಾನೆ."

"ಯಾರು ಹೇಳಿದ್ರು ನಿಂಗೆ?"

"ಅಪ್ಪ ಸತ್ತೋದ್ನಲ್ಲ. ನಾನು ಎಬ್ಬಿಸ್ಲಿಲ್ಲ ಅಂತ. ಬೇಕರಿ ಮಾಮನ್ನೂ ಒಳಗೆ ಬಿಡ್ಲಿಲ್ಲ ಅಂತ. ಅಜ್ಜಿ ಹೇಳಿದ್ಲು."

ಅತ್ತೆ ಅನ್ನದ ಪಾತ್ರೆ ಇಳಿಸುತ್ತಿದ್ದರು. "ನಾನೆಲ್ಲಿ..." ಎಂದವರು ಅಲ್ಲಿಗೇ ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವಳು ಮಗಳ ಮುಂದೆ ಕುಳಿತಳು. ಎರಡು ತಿಂಗಳು ಮಂಚ ಹುಡುಕಿಕೊಂಡು ಊರು ಸುತ್ತಿದ್ದಳು. ತಪ್ಪು ಮಂಚದ್ದಾಗಿರಲಿಲ್ಲ.

"ನಿನ್ನಿಂದಲ್ಲ ಕಣೇ" ಎಂದಳು. "ಅಪ್ಪ ಬೆಳಿಗ್ಗೇನೇ ಹೋಗಿದ್ದ."

ಹುಡುಗಿ ನಂಬಲಿಲ್ಲ. ಯಾಕೆ ನಂಬಬೇಕು? ಎಬ್ಬಿಸಬೇಡ ಎಂದವಳೂ ಇವಳೇ, ಜಾಣೆ ಎಂದವಳೂ ಇವಳೇ.

ಮಾರನೆಯ ದಿನ ಅವಳು ಅರ್ಧ ದಿನ ರಜೆ ಹಾಕಿ, ಮಗಳ ಕೈ ಹಿಡಿದು, ಆ ಡಾಕ್ಟರ ಬಾಗಿಲಲ್ಲಿ ಕುಳಿತಳು. ಮುಂದೆ ಹನ್ನೆರಡು ಜನ. ಸರದಿ ಬಂದಾಗ ಒಳಗೆ ಹೋದಳು.

"ಏನಮ್ಮಾ ತೊಂದ್ರೆ?"

"ನಂಗೇನಿಲ್ಲ ಡಾಕ್ಟ್ರೇ. ಇವಳಪ್ಪನ್ನ ನೋಡೋಕೆ ಬಂದಿದ್ರಲ್ಲ, ಏನಾಗಿತ್ತು ಅಂತ ಇವಳಿಗೆ ಹೇಳಿ. ನಾನು ಹೇಳಿದ್ರೆ ನಂಬ್ತಿಲ್ಲ. ಸಮಾಧಾನಕ್ಕೆ ಏನೂ ಸೇರಿಸ್ಬೇಡಿ. ಇದ್ದಿದ್ದನ್ನ ಇದ್ದ ಹಾಗೇ ಹೇಳಿ."

ಡಾಕ್ಟರು ಹುಡುಗಿಯನ್ನು ನೋಡಿದರು. ಅವಳ ಕಣ್ಣ ಕೆಳಗಿನ ಗುಳಿ ನೋಡಿದರು. ರೋಗಿಗಳ ಮಂಚದ ಮೇಲೆ ಕೂರಿಸಲು ಹೋದರು, ಅವಳು ಒಲ್ಲೆ ಎಂದಳು. ಅವರೇ ಕುರ್ಚಿ ಎಳೆದುಕೊಂಡು ಅವಳೆದುರು ಬಗ್ಗಿ ಕುಳಿತರು.

ಕೇಳಿದ್ದು ಹುಡುಗಿಯೇ. "ನೀವು ಅಪ್ಪನ್ನ ಎಬ್ಬಿಸಿ ನೋಡಿದ್ರಾ?"

"ನೋಡ್ದೆ."

"ಜೋರಾಗಿ?"

"ಜೋರಾಗೇ ಕೂಗ್ದೆ. ಅಲುಗಿಸಿದೆ ಕೂಡ."

"ಹನ್ನೊಂದು ಗಂಟೆಗೆ ಎಬ್ಬಿಸಿದ್ರೆ?"

"ಏಳ್ತಿರ್ಲಿಲ್ಲ ಮಗು. ಅವರ ಎದೆ ಬೆಳಿಗ್ಗೇನೇ ನಿಂತುಹೋಗಿತ್ತು, ಮಲಗಿದ ಸ್ವಲ್ಪ ಹೊತ್ತಿಗೇ. ನಾನು ಕೈ ಮುಟ್ಟಿ ನೋಡಿದೀನಿ, ನಂಗೆ ಗೊತ್ತಾಗತ್ತೆ. ನೀನು ಎಬ್ಬಿಸಿದ್ರೂ ಅಷ್ಟೇ, ಅಮ್ಮ ಎಬ್ಬಿಸಿದ್ರೂ ಅಷ್ಟೇ."

ಹುಡುಗಿ ಅವರ ಕೈ ನೋಡಿದಳು. ಆಮೇಲೆ ಕೇಳಿದಳು: "ಹಂಗಾದ್ರೆ ನಾನು ಯಾರನ್ನ ಕಾಯ್ತಿದ್ದೆ?"

ಡಾಕ್ಟರು ಕನ್ನಡಕ ತೆಗೆದರು. ಅಮ್ಮನೇ ಹೇಳಿದಳು, "ಅಪ್ಪನ್ನೇ. ಅಷ್ಟು ಹೊತ್ತೂ ಅವನು ಒಬ್ಬನೇ ಇರ್ಲಿಲ್ಲ. ನೀನಿದ್ದೆ."

ಮನೆ ಹತ್ತಿರ ಬಂದಾಗ ಹುಡುಗಿ ಅಮ್ಮನ ಕೈ ಜಗ್ಗಿ ನಿಲ್ಲಿಸಿದಳು.

"ಮಲಗಿರೋರು ಎಬ್ಬಿಸಿದ್ರೆ ಏಳ್ತಾರೆ. ಸತ್ತೋರು ಏಳಲ್ಲ. ಅಲ್ವಾ?"

"ಹೌದು."

"ನೋಡಿದ್ರೆ ಎರಡೂ ಒಂದೇ ಥರ ಇರತ್ತೆ."

"ಹೌದು."

"ಹಂಗಾದ್ರೆ ನಾನು ಮಲಗಿದ್ರೆ ನೀನೇ ಎಬ್ಬಿಸ್ಬೇಕು. ಅಜ್ಜಿ ಬೇಡ."

"ಎಬ್ಬಿಸ್ತೀನಿ."

"ದಿನಾ?"

"ದಿನಾ."

ಅಂದು ಇನ್ನೂ ಬೆಳಕಿರುವಾಗಲೇ ಹುಡುಗಿ ತನ್ನ ಗಿಡ್ಡ ಮಂಚದ ಮೇಲೆ ಮುದುಡಿ ಮಲಗಿದಳು. ಅತ್ತೆ ಪಾತ್ರೆ ಸದ್ದಾಗದ ಹಾಗೆ ಎತ್ತಿಟ್ಟು, ಮೊಮ್ಮಗಳ ಕಾಲಿನ ಬಳಿ ನೆಲದಲ್ಲಿ ಕುಳಿತು, ಒಂದು ಬೆರಳಿನಿಂದ ಅವಳ ಪಾದ ಸವರಿದರು. ಅವಳು ಏಳಲಿಲ್ಲ.

ಬೆಳಿಗ್ಗೆ ಎಬ್ಬಿಸುವ ಹೊತ್ತಿಗೆ ಅಮ್ಮ ಮಂಚದ ಬಳಿ ನಿಂತಳು. ಹುಡುಗಿ ಅಲುಗದೆ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದಿತ್ತು. ಅಮ್ಮ ಕೈ ಚಾಚಿದಳು, ಮುಟ್ಟಲಿಲ್ಲ. "ಮೆಣಸು" ಎಂದಳು. ಸದ್ದಿಲ್ಲ. "ಮೆಣಸೂ." ಸದ್ದಿಲ್ಲ. ಮೂರನೆಯ ಸಲ ಭುಜ ಹಿಡಿದು ಅಲುಗಿಸಿದಳು. "ಹೂಂ" ಎಂದಿತು ಮಗು, ಸಿಟ್ಟಿನಿಂದ, ಆ ಕಡೆ ಮಗ್ಗುಲಾಯಿತು. ಅವಳು ಎರಡು ಮಂಚಗಳ ನಡುವೆ ನೆಲದ ಮೇಲೆ ಕುಳಿತುಬಿಟ್ಟಳು. ಗಂಡ ಹೋದ ಮೇಲೆ ಅವಳು ಬಾಯಿ ಬಿಟ್ಟು ಅತ್ತದ್ದು ಅಂದೇ.

ಈಗ ಹುಡುಗಿಗೆ ಹತ್ತು ವರ್ಷ. ಬಡಗಿ ಬಂದು ಮಂಚದ ತುದಿಗೆ ಒಂದಡಿ ಹಲಗೆ ಸೇರಿಸಿ ಹೋಗಿದ್ದಾನೆ. ಚಿಕ್ಕವನು ಒದ್ದೆ ಮಾಡುವುದನ್ನು ಬಿಟ್ಟಿದ್ದಾನೆ. ಅತ್ತೆಗೆ ಕಿವಿ ಕೇಳುವುದಿಲ್ಲ. ಅಮ್ಮ ಇಂದಿಗೂ ಎರಡು ಮಂಚಗಳ ನಡುವೆ ನೆಲದ ಮೇಲೇ ಮಲಗುತ್ತಾಳೆ.

ಬೆಳಿಗ್ಗೆ ಎದ್ದು, ನೀರು ತುಂಬಿ, ಅಡುಗೆ ಮಾಡಿ, ಡಬ್ಬಿ ಕಟ್ಟಿ, ಸೀರೆ ಉಟ್ಟು, ಎಲ್ಲ ಆದ ಮೇಲೆ ಮಗಳ ಮಂಚದ ಬಳಿ ನಿಲ್ಲುತ್ತಾಳೆ. ಶಾಲೆ ಇರಲಿ, ರಜೆ ಇರಲಿ. ಜ್ವರ ಬಂದು ಮಲಗಿರಲಿ. "ಇವತ್ತು ಭಾನುವಾರ ಕಣಮ್ಮಾ, ಬಿಡಮ್ಮಾ" ಎಂದು ಹುಡುಗಿ ಎಷ್ಟೋ ಸಲ ಗೊಣಗಿದ್ದಾಳೆ. ಇವಳು ಬಿಡುವುದಿಲ್ಲ. ಹೆಸರು ಹಿಡಿದು ಕೂಗುತ್ತಾಳೆ. ಕಣ್ಣು ಬಿಟ್ಟು "ಹೂಂ" ಎನ್ನುವವರೆಗೆ ಕೂಗುತ್ತಾಳೆ. ಆಮೇಲೆ, "ಸರಿ, ಇನ್ನು ಮಲಗು" ಎಂದು ಹೊದಿಕೆ ಎಳೆದು, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋಗುತ್ತಾಳೆ.